ಒಳಮೈ

ಹಳೆಯ ಕಾರು ಕೊಳ್ಳಲು ಬಂದವರು ಮೊದಲು ಅದಕ್ಕೆ ಒಂದು ಸುತ್ತು ಬರುತ್ತಾರೆ. ಬಣ್ಣ ಎಲ್ಲಿ ಮತ್ತೆ ಹೊಡೆಸಿದ್ದು, ಬಂಪರ್ ಎಲ್ಲಿ ತಾಗಿದ್ದು ಎಂದು ಬಗ್ಗಿ ನೋಡುತ್ತಾರೆ. ಬಾನೆಟ್ ಎತ್ತಿಸಿ ಇಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತಾರೆ. ಟೈರಿನ ಗೀರಿನಲ್ಲಿ ಉಗುರಿಟ್ಟು ಆಳ ಅಳೆಯುತ್ತಾರೆ. ಒಳಗೆ ಕೂತ ಮೇಲೆ ಕಣ್ಣು ನೇರ ಕಿಲೋಮೀಟರ್ ಅಂಕಿಗೆ ಹೋಗುತ್ತದೆ, ಅಲ್ಲಿಗೆ ಪರೀಕ್ಷೆ ಮುಗಿಯುತ್ತದೆ. ಬಾಗಿಲಿನ ಒಳಮೈ, ಮೊಣಕೈ ಊರುವ ಜಾಗ, ಗಾಜು ಇಳಿಸುವ ಹಿಡಿಕೆ, ನೆರಳಿಗೆ ಇಳಿಸುವ ಪಟ್ಟಿ ಇವನ್ನು ಯಾರೂ ಕೇಳುವುದಿಲ್ಲ. ಕೊಂಡವರು ಮುಂದೆ ಇರಬೇಕಾದದ್ದು ಅಲ್ಲಿಯೇ. ಹೊರಗಿನ ಬಣ್ಣವನ್ನು ಬೀದಿಯವರು ನೋಡುತ್ತಾರೆ, ಒಳಗಿನದನ್ನು ಮನೆಯವರು ದಿನಾ ಮುಟ್ಟುತ್ತಾರೆ. ನನಗೆ ಕಾರಿನಲ್ಲಿ ಪ್ರೀತಿ ಇರುವುದು ಈ ಮುಟ್ಟುವ ಭಾಗದ ಮೇಲೆ.

ಈಗ ನನ್ನ ಕೈಯಲ್ಲಿರುವುದು ದೊಡ್ಡಮ್ಮನ ಮಾರುತಿ 800. 1997ರ ಗಾಡಿ. ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಮಳೆಗಾಲದಲ್ಲಿ ಬಸ್ಸಿಗೆ ಕಾದು ಕಾದು ಸಾಕಾಗಿ, ಸಾಲ ತೆಗೆದು ಕೊಂಡ ಕಾರು ಅದು. ಆ ಕಾಲಕ್ಕೆ ನಮ್ಮ ಕಡೆ ಹೆಂಗಸರು ಕಾರು ಓಡಿಸುವುದು ಅಪರೂಪವಾಗಿದ್ದರೂ ಮಾರುತಿ 800 ಅಪರೂಪವಾಗಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿಯ ಕೀಲಿಕೈ ಕೊಟ್ಟಲ್ಲಿಂದ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ತನಕ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಒಂದೇ ವರ್ಷ, ಒಂದೇ ಅಚ್ಚಿನಿಂದ ಬಂದ ಎರಡು ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಬಾಗಿಲು ತೆರೆದು ನೋಡಿ. ಸವೆದ ಬಗೆ ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ದೊಡ್ಡಮ್ಮನ ಕಾರಿನಲ್ಲಿ ಡ್ರೈವರ್ ಬದಿಯ ಬಾಗಿಲಿನ ರೆಕ್ಸಿನ್ ಮೇಲೆ, ಗಾಜಿನ ಹಿಡಿಕೆಯ ಸುತ್ತ, ಕಮಾನಿನಂತೆ ಬಾಗಿದ ಸಣ್ಣ ಸಣ್ಣ ಗೀರುಗಳಿವೆ. ಬಲಗೈಯಲ್ಲಿ ಹಿಡಿಕೆ ತಿರುಗಿಸುವಾಗ ಬಳೆ ಉಜ್ಜಿ ಆದವು. ಗಿಯರ್ ಗುಂಡಿನ ಒಂದು ಮಗ್ಗುಲು ಮಾತ್ರ ನುಣ್ಣಗಾಗಿದೆ. ಅಂಗೈಯನ್ನು ಮೇಲೆ ಇಡದೆ ಪಕ್ಕದಿಂದ ತಳ್ಳುವ ಅಭ್ಯಾಸ ಅವರದ್ದು.

ಕಾರಿನ ಒಳಮೈ ಸರಿ ಮಾಡುವ ಕೆಲಸಕ್ಕೆ ಕೂರುವವರು ಮೊದಲು ಕಣ್ಣಿಗೆ ಒಂದು ವಿವೇಕ ಕಲಿಸಬೇಕು. ಕೊಳೆ ಬೇರೆ, ಮುರುಕು ಬೇರೆ, ಸವೆತ ಬೇರೆ. ಕೊಳೆ ಹೊರಗಿನಿಂದ ಬಂದು ಕೂತದ್ದು, ಅದನ್ನು ಪೂರ್ತಿ ತೆಗೆಯಬೇಕು. ಮುರಿದದ್ದನ್ನು ಕೂಡಿಸಬೇಕು, ಇಲ್ಲದಿದ್ದರೆ ಅದು ಪಕ್ಕದ ಭಾಗವನ್ನೂ ಎಳೆದು ಮುರಿಯುತ್ತದೆ. ಸವೆತ ಕೈಗಳು ಮಾಡಿದ್ದು. ಅದರಿಂದ ಕೆಲಸಕ್ಕೆ ತೊಂದರೆ ಇಲ್ಲದ ತನಕ ಅದನ್ನು ಮುಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಸಾಮಾನು ಈ ಮೂರನ್ನೂ ಒಂದೇ ಎಂದು ತಿಳಿದು ಎಲ್ಲದರ ಮೇಲೆ ಹೊಳಪು ಬಳಿಯಲು ಹೇಳುತ್ತದೆ.

ಸ್ಟೀರಿಂಗ್ ಚಕ್ರವನ್ನೇ ನೋಡಿ. ಹಳೆಯ ಕಾರಿನಲ್ಲಿ ಅದು ಮಿರಿಮಿರಿ ಮಿಂಚುತ್ತಿದ್ದರೆ ಸವೆದು ನುಣ್ಣಗಾಗಿದೆ ಎಂದುಕೊಳ್ಳುತ್ತೇವೆ. ಬಹಳ ಸಲ ಆ ಮಿಂಚು ಅಂಗೈಯ ಎಣ್ಣೆ, ಬೆವರು, ಧೂಳು ಸೇರಿ ಕಟ್ಟಿದ ಪದರ. ಉಗುರುಬೆಚ್ಚಗಿನ ನೀರಿಗೆ ಮೃದುವಾದ ಸೋಪಿನ ನಾಲ್ಕು ಹನಿ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಸುತ್ತು ಸುತ್ತಾಗಿ ತಿಕ್ಕಿ, ಹಿಂಡಿದ ಬಟ್ಟೆಯಿಂದ ಒರೆಸುತ್ತಾ ಬಂದರೆ ಕಂದು ನೀರು ಇಳಿಯುತ್ತದೆ. ಕೆಳಗಿನಿಂದ ಮಂಕಾದ, ಸಣ್ಣ ಸಣ್ಣ ಗುಳಿಗಳ ಮೂಲ ಮೈ ಎದ್ದು ಬರುತ್ತದೆ. ಚರ್ಮ ಸುತ್ತಿದ ಚಕ್ರಕ್ಕೂ ಇದೇ ಮಾತು: ಚೊಕ್ಕಟವಾದ ಚರ್ಮಕ್ಕೆ ಹೊಳಪಿರುವುದಿಲ್ಲ. ಬಿಳಿಯ ಮಾಯಾ ಸ್ಪಂಜು ಎಂದು ಮಾರುವ ಮೆಲಮೈನ್ ತುಂಡನ್ನು ನಾನು ಇಲ್ಲಿ ಬಳಸುವುದಿಲ್ಲ. ಮುಟ್ಟಲು ಮೆತ್ತಗಿದ್ದರೂ ಅದು ಬಹಳ ನಯವಾದ ಉಪ್ಪುಕಾಗದದ ಕೆಲಸ ಮಾಡುತ್ತದೆ, ಕೊಳೆಯ ಜೊತೆ ಅಚ್ಚಿನ ಗುಳಿಗಳನ್ನೂ ಕೆರೆದು ಹಾಕುತ್ತದೆ.

ನಮ್ಮ ಕಾರುಗಳಲ್ಲಿ ಬೇರೆ ದೇಶದವರಿಗೆ ಗೊತ್ತಿಲ್ಲದ ಕಲೆಗಳಿರುತ್ತವೆ. ಆಯುಧಪೂಜೆಯ ಅರಿಶಿನ ಕುಂಕುಮ ಸ್ಟೀರಿಂಗಿಗೆ, ಡ್ಯಾಶ್‌ಬೋರ್ಡಿಗೆ, ಕೆಲವು ಮನೆಗಳಲ್ಲಿ ಸೀಟಿಗೂ ಬೀಳುತ್ತದೆ. ಅರಿಶಿನಕ್ಕೆ ಹೆದರಬೇಕಿಲ್ಲ. ಅದರ ಹಳದಿ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ತೊಳೆದು ಉಳಿದ ಕಲೆಯನ್ನು ಬಿಸಿಲಿಗೆ ಬಿಟ್ಟರೆ ತಾನಾಗಿ ಮಾಸುತ್ತದೆ. ಅಂಗಡಿಯ ಕುಂಕುಮದಲ್ಲಿ ಹೆಚ್ಚಿನದಕ್ಕೆ ಕೃತಕ ಬಣ್ಣ ಬೆರೆತಿರುತ್ತದೆ. ಅದು ತಿಳಿಬಣ್ಣದ ಪ್ಲಾಸ್ಟಿಕ್ಕಿನ ಒಳಕ್ಕೆ ಇಳಿದರೆ ಏನು ಮಾಡಿದರೂ ಒಂದು ಗುಲಾಬಿ ನೆರಳು ಉಳಿಯುತ್ತದೆ. ಆ ನೆರಳನ್ನು ನಾನು ಹಾಗೇ ಬಿಟ್ಟಿದ್ದೇನೆ. ದೊಡ್ಡಮ್ಮ ಪ್ರತಿ ವರ್ಷ ಅದೇ ಜಾಗಕ್ಕೆ ಇಡುತ್ತಿದ್ದ ಬೊಟ್ಟು ಅದು.

ಡ್ಯಾಶ್‌ಬೋರ್ಡಿನ ನಡುವೆ ಪುಟ್ಟ ಗಣಪತಿ ಇದ್ದ. ಎರಡು ಬದಿಗೂ ಅಂಟಿರುವ ಟೇಪಿನಲ್ಲಿ ಕೂರಿಸಿದ್ದು. ಹೇರ್ ಡ್ರೈಯರಿನಿಂದ ಟೇಪನ್ನು ಬೆಚ್ಚಗೆ ಮಾಡಿ, ದಪ್ಪ ನೂಲನ್ನು ಅಡಿಯಲ್ಲಿ ಗರಗಸದ ಹಾಗೆ ಎಳೆದರೆ ವಿಗ್ರಹ ಮುಕ್ಕಾಗದೆ ಬಿಡುತ್ತದೆ. ಅವನ ಪೀಠದ ಕೆಳಗೆ ಒಂದು ರೂಪಾಯಿ ಅಗಲದ ವೃತ್ತದಲ್ಲಿ ಬಿಸಿಲು ಕಾಣದ ಮೂಲ ಬಣ್ಣ ಇತ್ತು. ಬಣ್ಣ ಹೊಂದಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಕಾರಿನೊಳಗೆ ಇಂಥ ಮರೆಯ ಜಾಗಗಳನ್ನು ಹುಡುಕಬೇಕು: ನೆರಳುಪಟ್ಟಿಯ ಹಿಂಬದಿ, ಸೀಟ್ ಬೆಲ್ಟಿನ ಬುಡದ ಮುಚ್ಚಳದ ಒಳಗೆ, ಬೂದಿ ತಟ್ಟೆಯ ಅಂಚಿನಲ್ಲಿ. ಬಣ್ಣದ ಅಂಗಡಿಗೆ ಆ ತುಂಡನ್ನೇ ಹಿಡಿದುಕೊಂಡು ಹೋಗಬೇಕು. ನಮ್ಮ ನೆನಪಿನಲ್ಲಿರುವ ಬಣ್ಣವೆಲ್ಲ ಮಾಸಿದ್ದೇ.

ಮಾಸುವುದಕ್ಕೆ ಕಾರಣ ಬಿಸಿಲು, ಮತ್ತು ಅದರ ಜೊತೆಗೆ ಮುಚ್ಚಿದ ಗಾಜಿನೊಳಗಿನ ಕಾವು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸುಮಾರು 38 ಡಿಗ್ರಿ ದಾಟಿದ ದಿನಗಳಲ್ಲಿ ಒಂದು ಗಂಟೆ ಬಿಸಿಲಿನಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಸ್ಟೀರಿಂಗ್ 53 ಡಿಗ್ರಿ. ರೆಕ್ಸಿನ್ ಎಂದು ನಾವು ಕರೆಯುವುದು ಬಟ್ಟೆಯ ಮೇಲೆ ಬಳಿದ ಪಿವಿಸಿ. ಪಿವಿಸಿ ತಾನಾಗಿ ಗಟ್ಟಿ ವಸ್ತು, ನೀರಿನ ಪೈಪಿನಲ್ಲಿ ನೋಡುತ್ತೇವಲ್ಲ. ಅದು ಬಾಗುವಂತಾಗಲು ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಕಾವಿಗೆ ಅದು ನಿಧಾನವಾಗಿ ಹೊರಗೆ ಹೋಗುತ್ತದೆ. ಮುಂದಿನ ಗಾಜಿನ ಒಳಬದಿಯಲ್ಲಿ ಎಷ್ಟು ಒರೆಸಿದರೂ ಮತ್ತೆ ಕಟ್ಟುವ ಮಬ್ಬು ಪೊರೆ ಇದೆಯಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಕಾರಿನ ಮೆದುವು ಗಾಜಿನ ಮೇಲೆ ಕೂತಿದೆ ಎಂದೇ ಲೆಕ್ಕ. ಹಾಗೆ ಹೋದದ್ದನ್ನು ಯಾವ ಪಾಲಿಶ್ ಕೂಡ ವಾಪಸು ತುಂಬಲಾರದು. ಸಿಲಿಕೋನ್ ಪಾಲಿಶ್ ಮೇಲೆ ತೆಳು ಪದರವಾಗಿ ಕೂತು ಹೊಳೆಯುತ್ತದೆ, ಧೂಳು ಹಿಡಿಯುತ್ತದೆ, ಎದುರು ಬಿಸಿಲಿನಲ್ಲಿ ಗಾಜಿನ ಮೇಲೆ ಪ್ರತಿಬಿಂಬ ಬಿಟ್ಟು ರಸ್ತೆಯನ್ನೇ ಮರೆ ಮಾಡುತ್ತದೆ. ಮೇಲೆ ಬಣ್ಣ ಹೊಡೆಯಬೇಕು ಎಂದರೆ ಈ ಸಿಲಿಕೋನನ್ನು ಪೂರ್ತಿ ತೆಗೆಯದಿದ್ದರೆ ಬಣ್ಣ ಕಣ್ಣು ಕಣ್ಣಾಗಿ ಒಡೆಯುತ್ತದೆ. ಕಾರು ನಿಲ್ಲಿಸುವಾಗ ಗಾಜಿಗೆ ಒಂದು ನೆರಳು ಅಡ್ಡ ಇಡುವುದು ಎಲ್ಲ ಪಾಲಿಶ್‌ಗಳಿಗಿಂತ ಮೇಲು.

ಬಯಲುಸೀಮೆಯ ಕಾರನ್ನು ಬಿಸಿಲು ತಿಂದರೆ ನಮ್ಮ ಮಲೆನಾಡಿನ ಕಾರನ್ನು ನೀರು ತಿನ್ನುತ್ತದೆ. ಬಾಗಿಲಿನ ಒಳಹೊದಿಕೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಡೋರ್ ಪ್ಯಾಡ್, ಹಳೆಯ ಸಣ್ಣ ಕಾರುಗಳಲ್ಲಿ ಹಾರ್ಡ್‌ಬೋರ್ಡಿನ ಮೇಲೆ ರೆಕ್ಸಿನ್ ಅಂಟಿಸಿ ಮಾಡಿದ್ದು. ಕೆಲವು ಮಳೆಗಾಲ ಕಳೆದ ಮೇಲೆ ಅದರ ಕೆಳ ಅಂಚು ಉಬ್ಬಿ, ಹಪ್ಪಳಿಸಿ, ಕ್ಲಿಪ್ಪು ಹಿಡಿಯದೆ ಜೋತು ಬೀಳುತ್ತದೆ. ಗಾಜು ತೆರೆದಿಟ್ಟು ಮಳೆ ಒಳಗೆ ಬಂತು ಎಂದು ಮನೆಯವರು ಒಬ್ಬರ ಮೇಲೊಬ್ಬರು ದೂರು ಹೇಳುತ್ತಾರೆ. ನಿಜವಾದ ಕಾರಣ ಬೇರೆ. ಬಾಗಿಲಿನ ತಗಡಿನ ಹೊಟ್ಟೆಯೊಳಗೆ ಮಳೆನೀರು ಇಳಿದೇ ಇಳಿಯುತ್ತದೆ. ಗಾಜು ಇಳಿಯುವ ಸೀಳಿನ ರಬ್ಬರ್ ಪಟ್ಟಿ ಸ್ವಲ್ಪ ತಡೆಯುತ್ತದೆ ಅಷ್ಟೆ. ಒಳಗಿಳಿದ ನೀರು ಬಾಗಿಲಿನ ತಳದ ತೂತುಗಳಿಂದ ಹೊರಗೆ ಹೋಗಲಿ ಎಂಬ ಲೆಕ್ಕದಲ್ಲೇ ಬಾಗಿಲು ಮಾಡಿರುತ್ತಾರೆ. ಆ ನೀರು ರಟ್ಟಿಗೆ ತಾಗದಂತೆ ತಗಡಿಗೂ ಡೋರ್ ಪ್ಯಾಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಎಂದೋ ಒಂದು ದಿನ ಗಾಜಿನ ಯಂತ್ರವನ್ನೋ ಬೀಗವನ್ನೋ ರಿಪೇರಿ ಮಾಡುವಾಗ ಆ ಹಾಳೆ ಹರಿಯುತ್ತದೆ, ಮತ್ತೆ ಯಾರೂ ಹಾಕುವುದಿಲ್ಲ. ಅಲ್ಲಿಂದ ರಟ್ಟಿನ ಕೊಳೆತ ಶುರು. ತಳದ ತೂತುಗಳಲ್ಲಿ ಎಲೆ, ಮಣ್ಣು ಕಟ್ಟಿದರೆ ನೀರು ನಿಂತು ತಗಡೇ ತುಕ್ಕು ಹಿಡಿಯುತ್ತದೆ.

ಡೋರ್ ಪ್ಯಾಡ್ ಬಿಚ್ಚುವುದು ಬಹಳ ಖುಷಿ ಕೊಡುವ ಕೆಲಸ. ಮೊದಲ ಒಗಟು ಗಾಜಿನ ಹಿಡಿಕೆ. ಅದಕ್ಕೆ ಸ್ಕ್ರೂ ಕಾಣಿಸುವುದಿಲ್ಲ. ಹಿಡಿಕೆಯ ಬುಡದ ಹಿಂದೆ ಕುದುರೆ ಲಾಳದ ಆಕಾರದ ಸಣ್ಣ ಸ್ಪ್ರಿಂಗ್ ಕ್ಲಿಪ್ಪು ಅಡಗಿದೆ. ಒಂದು ಹಳೆಯ ಪಂಚೆಯ ತುಂಡನ್ನು ಹಿಡಿಕೆಯ ಹಿಂದೆ ತೂರಿಸಿ ಎರಡು ತುದಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಎಳೆದರೆ ಬಟ್ಟೆ ಆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಟಪ್ಪೆಂದು ಹಾರಿಸುತ್ತದೆ. ಅದು ಅಂಗಳದ ಮಣ್ಣಿಗೆ ಬೀಳದಂತೆ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿರಬೇಕು. ಆಮೇಲೆ ಸುತ್ತಲಿನ ಕ್ಲಿಪ್ಪುಗಳು. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಾಗಿಲಿನ ಬಣ್ಣಕ್ಕೆ ಗಾಯ, ರಟ್ಟಿಗೂ ಗಾಯ. ನಾನು ಬಿದಿರಿನ ಚಕ್ಕೆಯನ್ನು ತುದಿ ತೆಳ್ಳಗೆ ಕೆತ್ತಿ ಇಟ್ಟುಕೊಂಡಿದ್ದೇನೆ. ಕ್ಲಿಪ್ಪು ಇರುವ ಜಾಗದ ಪಕ್ಕಕ್ಕೇ ಅದನ್ನು ತೂರಿಸಿ ಮೀಟಬೇಕು, ನಡುವೆ ಮೀಟಿದರೆ ರಟ್ಟು ಬಿರಿಯುತ್ತದೆ.

ಬಿಚ್ಚಿದ ರಟ್ಟು ಪೂರ್ತಿ ಕೊಳೆತಿದ್ದರೆ ಅದನ್ನೇ ಅಳತೆಯಾಗಿಟ್ಟು ಹೊಸ ಹಲಗೆ ಕತ್ತರಿಸಬೇಕು. 3 ಮಿಲಿಮೀಟರಿನ ನೀರು ತಡೆಯುವ ಪ್ಲೈವುಡ್ ಸಾಕು. ತೂತುಗಳನ್ನೆಲ್ಲ ಕೊರೆದ ಮೇಲೆ ಎರಡು ಮೈಗೂ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೂ ತೂತಿನ ಒಳಬದಿಗೂ ವಾರ್ನಿಷ್ ಕುಡಿಸಬೇಕು. ನೀರು ಯಾವಾಗಲೂ ಅಂಚಿನಿಂದಲೇ ಒಳನುಗ್ಗುತ್ತದೆ. ಹಳೆಯ ರೆಕ್ಸಿನನ್ನು ಬೆಚ್ಚಗೆ ಮಾಡುತ್ತಾ ಅವಸರವಿಲ್ಲದೆ ಸುಲಿದು, ಹಿಂಬದಿಯ ಹಳೆ ಅಂಟು ಉಜ್ಜಿ ತೆಗೆದು, ಹೊಸ ಹಲಗೆಗೆ ಹೊದೆಸಬಹುದು. ಅಂಟಿಗೆ ಫೆವಿಕಾಲ್‌ನ ಎಸ್‌ಆರ್ ಜಾತಿಯದು, ಚಪ್ಪಲಿ ಹೊಲಿಯುವವರೂ ಬಡಗಿಗಳೂ ಬಳಸುವ ಹಳದಿ ರಬ್ಬರ್ ಅಂಟು. ಅದನ್ನು ಎರಡು ಮೈಗೂ ತೆಳ್ಳಗೆ ಹಚ್ಚಿ, ಬೆರಳಿಟ್ಟರೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಕೂಡಿಸಬೇಕು. ಕೂಡಿಸಿದ ಮೇಲೆ ಸರಿಸಲು ಆಗುವುದಿಲ್ಲ. ಆದ್ದರಿಂದ ನಡುವೆ ಒಂದು ಹಾಳೆ ಇಟ್ಟು, ಒಂದು ತುದಿಯಿಂದ ಒತ್ತುತ್ತಾ ಹಾಳೆಯನ್ನು ಎಳೆಯುತ್ತಾ ಹೋಗುವುದು ಒಳ್ಳೆಯದು. ಕೊನೆಗೆ ಆ ಪ್ಲಾಸ್ಟಿಕ್ ಹಾಳೆ. ಇದಕ್ಕಿಂತ ಮುಖ್ಯವಾದ್ದು ಬೇರೆ ಇಲ್ಲ. ಅದರ ಕೆಳ ಅಂಚು ತಗಡಿನ ಸೀಳಿನ ಒಳಕ್ಕೆ ಇಳಿದಿರಬೇಕು. ಹೊರಕ್ಕೆ ಬಿಟ್ಟರೆ ಜಾರಿ ಬಂದ ನೀರೆಲ್ಲ ರಟ್ಟಿನ ಬುಡಕ್ಕೇ ಇಳಿಯುತ್ತದೆ.

ರೆಕ್ಸಿನ್ ಸುಲಿಯುತ್ತಾ ಕೂತಿದ್ದಾಗ ದೊಡ್ಡಮ್ಮ ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

“ಅದೆಂಥಕ್ಕೆ ಮಾರಾಯ ಅಷ್ಟು ಕಷ್ಟ? ಹೊಸ ರೆಕ್ಸಿನ್ ಹಾಕ್ಸು. ಇದ್ರಲ್ಲಿ ಬರೀ ಗೀರು.”

“ಗೀರು ನಿಮ್ಮ ಬಳೆದು ದೊಡ್ಡಮ್ಮ.”

ಅವರು ಎದ್ದು ಬಂದು, ಕನ್ನಡಕ ಸರಿ ಮಾಡಿಕೊಂಡು, ಬೆರಳಿನಿಂದ ಆ ಕಮಾನುಗಳನ್ನು ಮುಟ್ಟಿ ನೋಡಿದರು. “ಗಾಜಿನ ಬಳೆ ಅಲ್ಲ ಇದು. ಗಾಜಿಂದು ಇಷ್ಟು ಆಳ ಕೊರೆಯೂದಿಲ್ಲ. ಚಿನ್ನದ್ದು. ಕಾರಿನ ಸಾಲ ತೀರಿದ ಮೇಲೆ ಮಾಡ್ಸಿದ್ದು” ಎಂದರು. ಆಮೇಲೆ ಹೊಸ ರೆಕ್ಸಿನ್ನಿನ ಮಾತು ತೆಗೆಯಲಿಲ್ಲ.

ಹೊಸದು ಸಿಗದೆ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಇಂಥ ಕಾರುಗಳ ಬಿಡಿಭಾಗ, ಸೀಟಿನ ಬಟ್ಟೆ, ಕ್ಲಿಪ್ಪು, ರಬ್ಬರ್ ಎಲ್ಲ ಸಿಗುತ್ತವೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬೇರೆ ಕಾರಿನಿಂದ ಬಿಚ್ಚಿದ್ದೂ ಸಿಗುತ್ತದೆ. ಕ್ಲಿಪ್ಪು, ರಬ್ಬರ್ ಪಟ್ಟಿಗಳನ್ನು ನಾನು ಹೊಸದಾಗಿಯೇ ತರುತ್ತೇನೆ, ಅವು ಸವೆದು ಹೋಗಲೆಂದೇ ಇರುವವು. ಉಳಿದದ್ದನ್ನು ಇದ್ದದ್ದರಲ್ಲೇ ಉಳಿಸಲು ನೋಡುತ್ತೇನೆ. ಹಳೆಯ ಭಾಗಕ್ಕೆ ಸುತ್ತಲಿನ ಭಾಗಗಳ ಜೊತೆ ಬಣ್ಣದ ಹೊಂದಿಕೆ ಇರುತ್ತದೆ, ಸ್ಕ್ರೂ ತೂತು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಹೊಸ ನಕಲು ಭಾಗ ಹಾಕಿದಲ್ಲಿ ಗಡಗಡ ಸದ್ದು ಶುರುವಾಗುವುದನ್ನು ಬಹಳ ಕಾರುಗಳಲ್ಲಿ ಕೇಳಿದ್ದೇನೆ.

ಪ್ಲಾಸ್ಟಿಕ್ ಮುರಿದರೆ ಮೊದಲು ಅದನ್ನು ತಿರುಗಿಸಿ ಹಿಂಬದಿ ಓದಬೇಕು. ಅನೇಕ ಭಾಗಗಳ ಬೆನ್ನಿನ ಮೇಲೆ ಎರಡು ಬಾಣಗಳ ನಡುವೆ ಪಿಪಿ, ಎಬಿಎಸ್ ಎಂಬ ಇಂಗ್ಲಿಷ್ ಅಕ್ಷರಗಳು ಉಬ್ಬಿ ನಿಂತಿರುತ್ತವೆ. ಗುಜರಿಯಲ್ಲಿ ಬೇರ್ಪಡಿಸಲು ಸುಲಭವಾಗಲಿ ಎಂದು ಬಂದ ಈ ಗುರುತು ರಿಪೇರಿಯವರಿಗೆ ದೊಡ್ಡ ಉಪಕಾರ ಮಾಡಿದೆ. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ. ಅದೇ ಜಾತಿಯ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ಮುಚ್ಚಿಟ್ಟರೆ ಮರುದಿನಕ್ಕೆ ದೋಸೆ ಹಿಟ್ಟಿನ ಹದಕ್ಕೆ ಬಂದಿರುತ್ತದೆ. ಸೀಳಿಗೆ ಅದನ್ನು ತುಂಬಿದರೆ ಎರಡು ಬದಿಯೂ ಸ್ವಲ್ಪ ಕರಗಿ ಒಂದೇ ತುಂಡಾಗಿ ಗಟ್ಟಿಯಾಗುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಯಾವುದಕ್ಕೂ ಜಗ್ಗದ ಜಾತಿ. ಅಸಿಟೋನಿಗೆ ಕರಗುವುದಿಲ್ಲ, ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಬಣ್ಣವೂ ತನ್ನದೇ ಪ್ರೈಮರ್ ಇಲ್ಲದೆ ನಿಲ್ಲದೆ ಸುಲಿದು ಬರುತ್ತದೆ. ಅದಕ್ಕೆ ಬಿಸಿಯೇ ಮದ್ದು. ಹಿಂಬದಿಯಿಂದ ಸ್ಟೀಲ್ ಜಾಲರಿಯ ತುಂಡನ್ನು ಸಾಲ್ಡರಿಂಗ್ ಐರನ್ನಿನಿಂದ ಒತ್ತಿ ಕೂರಿಸಿ, ಒಡೆದ ಹಳೆ ಬಂಪರಿನಿಂದ ಕತ್ತರಿಸಿದ ಅದೇ ಜಾತಿಯ ಪಟ್ಟಿಯನ್ನು ಕರಗಿಸಿ ಮುಚ್ಚಬೇಕು. ಹೊಗೆ ಬರುತ್ತದೆ, ಅಂಗಳದಲ್ಲೇ ಮಾಡಬೇಕು. ಸ್ಕ್ರೂ ಹಿಡಿಯುವ ಸಣ್ಣ ಕಿವಿ ಮುರಿದಿದ್ದರೆ ಸೂಪರ್ ಗ್ಲೂ ಹನಿಸಿ ಮೇಲೆ ಅಡಿಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಎಬಿಎಸ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ.

ಸೀಟಿನ ವಿಷಯದಲ್ಲಿ ಹೊಲಿಗೆಯ ಭಾರವನ್ನು ಪೇಟೆಯ ಕುಶನ್ ಅಂಗಡಿಯವರಿಗೆ ಬಿಡುತ್ತೇನೆ. ಅವರ ದಪ್ಪ ಸೂಜಿಯ ಯಂತ್ರ ಮನೆಯಲ್ಲಿರುವುದಿಲ್ಲ. ಬಿಚ್ಚುವುದು ಮಾತ್ರ ಮನೆಯಲ್ಲೇ ಆಗಬೇಕು. ಹಳೆಯ ಹೊದಿಕೆಯ ಹೊಲಿಗೆ ಬಿಡಿಸಿದಾಗ ಸಿಗುವ ತುಂಡುಗಳೇ ಹೊಸದಕ್ಕೆ ಅಳತೆ. ನೂಲು ಹತ್ತಿಯದಾದರೆ ಮಲೆನಾಡಿನ ತೇವಕ್ಕೆ ಕೊಳೆಯುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಹಾಕಿ ಎಂದು ಬಾಯಿಬಿಟ್ಟು ಹೇಳಬೇಕು. ಊದುಬತ್ತಿಯ ಕಿಡಿ ಬಿದ್ದು ತೂತಾದ ಸೀಟಿನ ಬೆನ್ನನ್ನು ಮಾತ್ರ ನಾನೇ ಮಾಡಿದೆ. ಒಳಗಿನಿಂದ ಬಟ್ಟೆಯ ತೇಪೆ, ಮೇಲೆ ಬಾಗುವ ಫಿಲ್ಲರ್. ಅದು ಆರುವ ಮೊದಲು ಮೇಲೊಂದು ಅಚ್ಚು. ಕೆಡದ ಜಾಗದ ರೆಕ್ಸಿನ್ ಮೇಲೆ ಸಿಲಿಕೋನ್ ಹಚ್ಚಿ ಆರಿದ ಮೇಲೆ ಎತ್ತಿದರೆ ಅದರ ಸುಕ್ಕು, ರಂಧ್ರ ಎಲ್ಲ ಆ ತುಂಡಿನಲ್ಲಿ ಮೂಡಿರುತ್ತವೆ. ಅದನ್ನು ಫಿಲ್ಲರಿನ ಮೇಲೆ ಒತ್ತಿದರೆ ಹೊಸ ಜಾಗಕ್ಕೂ ಅದೇ ಚರ್ಮ. ಬಣ್ಣವನ್ನು ಸ್ಪಂಜಿನಿಂದ ತಟ್ಟುತ್ತಾ, ತೆಳುವಾಗಿ, ಒಂದು ಆರಿದ ಮೇಲೆ ಇನ್ನೊಂದು.

ಶೋರೂಮಿನ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ತೆಗೆಯದೆ ಇಡುವವರಿಗೆ ಒಂದು ಮಾತು ಹೇಳಬೇಕು. ಹೊಸದು ಹೊಸದಾಗಿಯೇ ಇರಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ. ಆ ಹೊದಿಕೆಯ ಅಡಿಯಲ್ಲಿ ತೇವ ಸಿಕ್ಕಿಬಿದ್ದು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಸೀಟನ್ನು ಬಿಚ್ಚಿ ಅಂಗಳಕ್ಕೆ ತಂದು, ಒಣ ಬ್ರಷ್ಷಿನಿಂದ ಜಾಡಿಸಿ, ನೀರು ಬೆರೆಸಿದ ವಿನೆಗರಿನಿಂದ ಒರೆಸಿ, ಬಿಸಿಲು ಕಾಣಿಸಬೇಕು. ಸೀಟು ಬಿಚ್ಚಿದಾಗ ಅಡಿಯಲ್ಲಿ ಸಿಗುವುದನ್ನೂ ನೋಡಿ. ನನಗೆ ಸಿಕ್ಕಿದ್ದು ಸೀಮೆಸುಣ್ಣದ ತುಂಡುಗಳು, ಒಣಗಿದ ಅಡಿಕೆ ಹೋಳು, ತಲೆಗೆ ಚುಚ್ಚುವ ಪಿನ್ನು, ಎಂಟಾಣೆ ನಾಣ್ಯ, ಮತ್ತು ಯಾರದೋ ಹತ್ತನೇ ತರಗತಿಯ ಹಾಲ್ ಟಿಕೆಟ್ಟಿನ ಅರ್ಧ. ಪರೀಕ್ಷೆಯ ದಿನ ಬಸ್ಸು ತಪ್ಪಿದ ಮಕ್ಕಳನ್ನು ದೊಡ್ಡಮ್ಮ ಹತ್ತಿಸಿಕೊಂಡು ಹೋಗುತ್ತಿದ್ದರಂತೆ.

ಈಚಿನ ಕಾರುಗಳ ಕಾಯಿಲೆಗಳು ಬೇರೆ. ಪಕ್ಕದ ಮನೆಯ ರಾಯರ ಸೆಡಾನಿನ ಗುಂಡಿಗಳು ಬೆರಳಿಗೆ ಅಂಟುತ್ತಿದ್ದವು. ಮುಟ್ಟಲು ಮೆತ್ತಗಿರಲಿ ಎಂದು ಪ್ಲಾಸ್ಟಿಕ್ಕಿನ ಮೇಲೆ ಬಳಿಯುವ ಪಾಲಿಯುರೆಥೇನ್ ಲೇಪ ಗಾಳಿಯ ತೇವಕ್ಕೆ ಒಡೆದು ಜಿಗಟಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಬಿಡದೆ ಒರೆಸಿದೆವು. ಲೇಪ ಪೂರ್ತಿ ಬಂದು ಕೆಳಗಿನ ಗಟ್ಟಿ ಕಪ್ಪು ಪ್ಲಾಸ್ಟಿಕ್ ಸಿಕ್ಕಿತು. ಗುಂಡಿಯ ಚಿತ್ರಗಳು ಲೇಪದ ಮೇಲೇ ಅಚ್ಚಾಗಿದ್ದರೆ ಅವೂ ಹೋಗುತ್ತವೆ, ಆದ್ದರಿಂದ ಕಾಣದ ಮೂಲೆಯಲ್ಲಿ ಮೊದಲು ನೋಡಿಕೊಂಡೆವು.

ಉಳಿದಿರುವುದು ಅವರ ಕಾರಿನ ಮಾಡು. ಒಳಚಾವಣಿಯ ಬಟ್ಟೆ ಜೋತು ಬಿದ್ದು ಹಿಂದೆ ಕೂತವರ ತಲೆಗೆ ತಾಗುತ್ತದೆ. ಸೂಜಿಮದ್ದಿನ ಸಿರಿಂಜಿನಿಂದ ಅಂಟು ಬಿಟ್ಟು ಒತ್ತಿಬಿಡೋಣ ಎಂದು ರಾಯರು ಹೇಳಿದರು. ಅಂಟು ಬಿಟ್ಟಿಲ್ಲ ರಾಯರೇ ಎಂದು ಒಂದು ಮೂಲೆ ಎಳೆದು ತೋರಿಸಿದೆ. ಬಟ್ಟೆಯ ಬೆನ್ನಿಗಿದ್ದ ತೆಳು ಫೋಮೇ ಪುಡಿಯಾಗಿ ಕಿತ್ತಳೆ ಬಣ್ಣದ ಹಿಟ್ಟು ಉದುರಿತು. ಹಿಟ್ಟಿಗೆ ಅಂಟಿಸಿದರೆ ಯಾವುದೂ ನಿಲ್ಲದು. ಚಾವಣಿಯ ಹಲಗೆಯನ್ನೇ ಹೊರಗೆ ತೆಗೆದು, ಹಳೆ ಫೋಮನ್ನು ಬ್ರಷ್ಷಿನಿಂದ ಪೂರ್ತಿ ಕೆರೆದು, ಫೋಮ್ ಕೂಡಿದ ಹೊಸ ಬಟ್ಟೆಯನ್ನು ಒಂದೇ ತುಂಡಿನಲ್ಲಿ ಹೊದೆಸಬೇಕು. ಈಗ ಮಳೆ. ತೇವದ ಗಾಳಿಯಲ್ಲಿ ಅಂಟು ಆರುವಾಗ ಅದರ ಮೇಲೆ ನೀರಿನ ಪೊರೆ ಕೂತು ಹಿಡಿತ ಕೆಡುತ್ತದೆ. ದೀಪಾವಳಿ ಕಳೆದು ಬಿಸಿಲು ಬಲಿತ ಮೇಲೆ ಮಾಡುವುದು ಎಂದು ನಿಶ್ಚಯವಾಗಿದೆ. ಬಟ್ಟೆಯನ್ನು ನಾಲ್ಕು ಬದಿಗೂ ಒಂದೊಂದು ಗೇಣು ಹೆಚ್ಚೇ ತನ್ನಿ ಎಂದಿದ್ದೇನೆ. ಅವರ ಮೊಮ್ಮಗಳು ಸ್ಕ್ರೂ ಹಾಕಿಡಲು ಹಳೆಯ ಮಾತ್ರೆ ಡಬ್ಬಿಗಳನ್ನು ತೊಳೆದು ಈಗಲೇ ಚೀಟಿ ಅಂಟಿಸಿದ್ದಾಳೆ: ‘ಲೈಟು’, ‘ಬಲಗಡೆ ಹಿಡಿಕೆ’, ‘ಎಡಗಡೆ ಹಿಡಿಕೆ’, ‘ನೆರಳುಪಟ್ಟಿ’, ಮತ್ತು ಕೊನೆಯದರ ಮೇಲೆ, ‘ಎಲ್ಲಿಯದು ಎಂದು ಕೇಳಬೇಕು’.